ಬೇರೆ ಇದ್ದ ತಮ್ಮ

ನನ್ನ ಅಣ್ಣ ರಾಮಲಿಂಗಪ್ಪನನ್ನು ಕೊಂದವನಿಗೆ ಮ್ಯಾಜಿಸ್ಟ್ರೇಟರು ಮುನ್ನೂರು ರೂಪಾಯಿ ದಂಡ ಹಾಕಿದರು. ದಂಡ ಸರಕಾರಕ್ಕೆ ಹೋಯಿತು. ಅಣ್ಣನನ್ನು ಕಳೆದುಕೊಂಡದ್ದು ಸರಕಾರವೇ ಇರಬೇಕು.

ಸಾಸವಡದ ಸೋಮವಾರದ ಸಂತೆ ಮುಗಿಸಿ, ಉಳಿದ ಕುಪ್ಪಸದ ಖಣದ ಗಂಟನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಣ್ಣ ಪುಣೆಗೆ ಮರಳುತ್ತಿದ್ದ. ಹಗಲು ನಾಲ್ಕು ಗಂಟೆ. ಹಡಪ್ಸರದ ಈಚೆ ಆಚೆ ರಸ್ತೆ ನೆಟ್ಟಗಿದೆ, ಎದುರಿಗೆ ಒಂದು ಎತ್ತಿನ ಗಾಡಿ ಕೂಡ ಇರಲಿಲ್ಲ. ಹಿಂದಿನಿಂದ ಬಂದ ಮೋಟಾರು ಅವನನ್ನು ಎತ್ತಿ ಒಗೆಯಿತು. ಓಡಿಸುತ್ತಿದ್ದವನು ಅಪ್ಪಾಸಾಹೇಬ, ಸೇತುವೆ ಕಟ್ಟುವ ಗುತ್ತೇದಾರ. ಯಾರದೋ ತೋಟದಲ್ಲಿ ಬೆಳಗಿನಿಂದ ಕುಡಿದು ಬಂದಿದ್ದ. ಅಣ್ಣ ರಸ್ತೆಯ ಮೇಲೆ ಜೀವ ಬಿಡುತ್ತಿದ್ದರೆ ಅವನು ಜಾಲಿಯ ಮರಕ್ಕೆ ಕೈ ಕೊಟ್ಟು ವಾಂತಿ ಮಾಡುತ್ತ ನಿಂತಿದ್ದನಂತೆ. ಕಬ್ಬಿಗೆ ನೀರು ಬಿಡುತ್ತಿದ್ದ ಇಬ್ಬರು ಅದನ್ನು ಕಣ್ಣಾರೆ ಕಂಡರು. ಹೆದರದೆ ಕೋರ್ಟಿಗೆ ಬಂದು ಹೇಳಿದರು ಕೂಡ. ಸಾಕ್ಷಿಯ ಕೊರತೆ ನಮಗೆ ಇರಲಿಲ್ಲ. ನಮ್ಮ ಕೆಲಸ ಕೆಡಿಸಿದ್ದು ನನ್ನ ಬಾಯಿ.

ನಾವು ಗುಳೇದಗುಡ್ಡದವರು. ದೊಡ್ಡ ಜ್ವರದ ವರ್ಷ ಅಪ್ಪ ಅವ್ವ ಒಂದೇ ವಾರದಲ್ಲಿ ಹೋದಾಗ ನನಗೆ ಮೂರು ವರ್ಷ, ಅಣ್ಣನಿಗೆ ಹದಿನಾಲ್ಕು. ನನ್ನನ್ನು ಒಂದು ಹೆಗಲಿಗೂ ಖಣದ ಗಂಟನ್ನು ಇನ್ನೊಂದು ಹೆಗಲಿಗೂ ಹಾಕಿಕೊಂಡು ಅವನು ಪುಣೆಗೆ ಬಂದ. ಈ ಊರಿನ ಹೆಂಗಸರಿಗೆ ನಮ್ಮ ಕಡೆಯ ಖಣದ ಕುಪ್ಪಸವೆಂದರೆ ಪ್ರಾಣ. ಹತ್ತು ವರ್ಷ ಬಾಗಿಲು ಬಾಗಿಲು ತಿರುಗಿ ರವಿವಾರ ಪೇಠೆಯಲ್ಲಿ ಅಂಗಡಿ ಇಟ್ಟ. ನನ್ನನ್ನು ಮರಾಠಿ ಶಾಲೆಗೆ ಹಾಕಿದ. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ನನ್ನ ಉಚ್ಚಾರವನ್ನು ಅಣಕಿಸಿ ಇಡೀ ವರ್ಗವನ್ನು ನಗಿಸಿದರು. ಬರೆಯುವ ಪಾಟಿಯನ್ನು ಅವರ ಮೇಜಿಗೆ ಹೊಡೆದು ಎರಡು ತುಂಡು ಮಾಡಿ ಎದ್ದು ಬಂದೆ. ಅಣ್ಣ ಬೈಯಲಿಲ್ಲ. ಮರುದಿನ ಒಂದು ಸಣ್ಣ ಗಂಟು ಕಟ್ಟಿ ನನ್ನ ತಲೆಯ ಮೇಲಿಟ್ಟ.

ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ಶಿವಗಂಗವ್ವ ಬಂದಳು; ನಾನು ವೈನಿ ಎಂದು ಕರೆಯುತ್ತಿದ್ದೆ. ಐದು ವರ್ಷದ ಹಿಂದೆ ಅಕ್ಕು ಹುಟ್ಟಿದಳು. ಆದರೂ ನಾವಿಬ್ಬರು ಉಣ್ಣುತ್ತಿದ್ದುದು ಒಂದೇ ಗಂಗಾಳದಲ್ಲಿ. “ಮೀಸಿ ಬಂದ್ರೂ ಬಿಡೂದಿಲ್ಲಲ್ಲಪಾ! ಇರ್ಲಿ, ನನಗೂ ಒಂದ ಭಾಂಡಿ ತಿಕ್ಕೂದು ತಪ್ತು,” ಎಂದು ಅತ್ತಿಗೆ ನಗುತ್ತಿದ್ದಳು.

ಅಣ್ಣನನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ಮಾರ್ತಾಂಡ ಎನ್ನುವವನು ನಾವು ಬಾಡಿಗೆಗಿದ್ದ ವಾಡೆಯ ಮೆಟ್ಟಿಲು ಹತ್ತಿ ಬಂದ. ಅಪ್ಪಾಸಾಹೇಬನ ಮುನೀಮ. ಬೆಳಗಾವಿಯವನು, ನಮ್ಮ ಮಾತನ್ನೇ ಆಡುವವನು; ಅದಕ್ಕೇ ಅವನನ್ನು ಕಳಿಸಿದ್ದರು. ವಾಡೆಯ ಒಡತಿ ರಂಗೂಬಾಯಿ, ಮರಾಠಿಯವಳಾದರೂ ನಮ್ಮ ಮಾತು ಕೇಳಿ ಕೇಳಿ ಬಲ್ಲವಳು, ಅತ್ತಿಗೆಯ ಹತ್ತಿರ ಕೂತಿದ್ದಳು.

“ಸಾಹೇಬ್ರಿಗೆ ಭಾಳ ದುಃಖ ಆಗೇದ ರೀ ಬಾಯಿಯವರ,” ಎಂದ ಮಾರ್ತಾಂಡ. “ಎರಡು ದಿನ ಊಟ ಬಿಟ್ಟಿದ್ರು.”

“ಕುಡಿಯೂದು ಬಿಟ್ಟಾರೇನು?” ಎಂದೆ ನಾನು.

“ತಮ್ಮಾ, ಸಿಟ್ಟು ಬ್ಯಾಡ. ಇದ್ದವರು ಬದಕಬೇಕಲ್ಲ? ವಯಸ್ಸಿನ ಹೆಣ್ಣಮಗಳು, ಮಗ್ಗಲಾಗ ಕೂಸು. ಇವರಿಗೆ ಇನ್ನ ಯಾರದಾರ? ಬೀದಿಪಾಲು ಆಗಬಾರದು ಅಂತ ಸಾಹೇಬ್ರು…” ಎನ್ನುತ್ತ ಕೋಟಿನ ಒಳಗಿನಿಂದ ಲಕೋಟೆ ತೆಗೆದ.

ಬೀದಿಪಾಲು ಎಂಬ ಮಾತು ಕಿವಿಗೆ ಬಿದ್ದದ್ದಷ್ಟೇ ನೆನಪಿದೆ. ಎದ್ದು ನಿಂತಿದ್ದೆ.

“ಯಾರದಾರ ಅಂತ ಕೇಳ್ತಿ? ನಾ ಸತ್ತೀನೇನು? ಒಂದ ಮನಿ, ಒಂದ ಒಲಿ, ಒಂದ ಅಂಗಡಿ ನಮ್ದು! ಅಣ್ಣ ಇದ್ದಾಗ ಹೆಂಗ ನಡೀತಿತ್ತೋ ಹಂಗ ನಡೀತದ. ನಮ್ಮ ವೈನಿಗೆ ಒಂದ ತುತ್ತು ಕಡಿಮಿ ಆಗೂದಿಲ್ಲ, ಒಂದ ಸೀರಿ ಕಡಿಮಿ ಆಗೂದಿಲ್ಲ. ಹೋಗಿ ಹೇಳು ನಿಮ್ಮ ಕುಡುಕಗ!”

ಮಾರ್ತಾಂಡನಿಗೆ ಸಿಟ್ಟು ಬರಲಿಲ್ಲ. ಲಕೋಟೆಯನ್ನು ಮೆಲ್ಲಗೆ ಒಳಗಿಟ್ಟ. “ಅಂಗಡಿ ಹಂಗ ನಡೀತದ?”

“ನಡೀತದ!”

“ಬಾಯಿಯವರಿಗೆ ಏನೂ ತ್ರಾಸಿಲ್ಲ?”

“ಇಲ್ಲ ಅಂದ್ರ ಇಲ್ಲ!”

“ಭಾಳ ಚಲೋ ಆತು. ತಮ್ಮ ಅಂದ್ರ ಹಿಂಗಿರಬೇಕು.” ಹೋಗುವಾಗ ರಂಗೂಬಾಯಿಯ ಕಡೆ ತಿರುಗಿ, “ಐಕಲತ ನಾ, ಬಾಯಿ? ಎಲ್ಲಾ ಕೇಳಿದ್ರಲ್ಲ?” ಎಂದ. ರಂಗೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೌದೆಂದಳು. ನನ್ನ ಮಾತಿಗೆ ಅವಳಿಗೆ ಅಳು ಬಂದಿತ್ತು. ನನಗೂ ಆ ದಿನ ಎದೆ ಉಬ್ಬಿತ್ತು. ಅಣ್ಣ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ದಾವೆ ಹಾಕಬಹುದೆಂದು ತಿಳಿಸಿದವರು ಸದಾಶಿವ ಪೇಠೆಯ ಗಲಗಲಿ ವಕೀಲರು. ವಿಜಾಪುರದ ಕಡೆಯವರು, ಬಡವರ ಕೇಸು ಹಿಡಿಯುವವರು. ಅವರ ಮುಂದೆ ನಾನು ಒಂದೇ ಮಾತು ಹೇಳಿದೆ: ಅವನು ಕುಡಿದು ಕೊಂದ ಎಂದು ಜಜ್ಜರ ಕೈಯಲ್ಲಿ ಬರೆಸಬೇಕು. ಮುನ್ನೂರು ರೂಪಾಯಿ ದಂಡದ ಕಾಗದದಲ್ಲಿ ‘ಅಜಾಗರೂಕತೆ’ ಎಂದಷ್ಟೇ ಇತ್ತು.

ವಕೀಲರು ಕನ್ನಡಕ ಒರೆಸುತ್ತ ಹೇಳಿದರು, “ಹಾಕೂಣು. ಆದರ ಈ ಕಾಯ್ದೆಯಾಗ ಸತ್ತವನ ಹೆಂಡ್ತಿ ಅದಾಳ, ಮಕ್ಕಳದಾವ, ತಂದಿ-ತಾಯಿ ಅದಾರ. ತಮ್ಮ ಇಲ್ಲ.”

“ಯಾಕಿಲ್ರಿ?”

“ಎಂಬತ್ತು ವರ್ಷದ ಹಿಂದ ಇದನ್ನ ಬರದ ಸಾಹೇಬ್ರಿಗೆ ನಿನ್ನ ಪರಿಚಯ ಇದ್ದಿದ್ದಿಲ್ಲಪಾ.”

“ನನಗ ರೊಕ್ಕ ಬ್ಯಾಡ್ರಿ.”

“ರೊಕ್ಕದ ಮಾತಲ್ಲ. ದುಃಖಕ್ಕ ಕೋರ್ಟು ಒಂದ ಪೈ ಕೊಡೂದಿಲ್ಲ. ಸತ್ತವನಿಂದ ಯಾರಿಗೆ ಏನು ಬರತಿತ್ತು, ಏನು ತಪ್ತು, ಅಷ್ಟ ತೂಗ್ತದ.”

ಅತ್ತಿಗೆಯ ಹೆಸರಲ್ಲಿ, ಅಕ್ಕುವಿನ ಹೆಸರಲ್ಲಿ ದಾವೆ ಬಿತ್ತು. ಎರಡು ತಿಂಗಳಿಗೆ ಎದುರಾಳಿಯ ಜವಾಬು ಬಂತು. ವಕೀಲರು ಓದಿ ನನ್ನ ಮುಖ ನೋಡಿದರು.

“ಒಂದ ಮನಿ, ಒಂದ ಒಲಿ, ಒಂದ ಅಂಗಡಿ. ಯಾರಂದ್ರು ಇದನ್ನ?”

“ನಾ.”

“ಒಂದ ತುತ್ತು ಕಡಿಮಿ ಆಗೂದಿಲ್ಲ, ಒಂದ ಸೀರಿ ಕಡಿಮಿ ಆಗೂದಿಲ್ಲ. ಇಲ್ಲಿ ಬರದಾರ ನೋಡು. ಅಂಗಡಿ ಕೂಡು ಕುಟುಂಬದ್ದು, ತಮ್ಮ ನಡಸ್ತಾನ, ವಿಧವೆಗೆ ಏನೂ ನಷ್ಟ ಆಗಿಲ್ಲ, ಆದ್ದರಿಂದ ಪರಿಹಾರವಿಲ್ಲ. ಸಾಕ್ಷಿ ರಂಗೂಬಾಯಿ. ಅಪ್ಪಾಸಾಹೇಬನ ಪರವಾಗಿ ನಾನೂ ಇಷ್ಟು ಛಂದ ಬರೀತಿದ್ದಿಲ್ಲ, ತಮ್ಮಾ.”

“ಸಿಟ್ಟಿಲೆ ಅಂದೆ ರೀ.”

“ಗೊತ್ತದ. ನಮ್ಮ ಮಂದಿ ಸತ್ತ ಮನಿಯಾಗ ಹಿಂಗ ಅನ್ನಬೇಕು. ಅನಲಿಲ್ಲಂದ್ರ ನಾಕ ಮಂದಿ ಉಗುಳ್ತಾರ. ಆ ಬೆಳಗಾವಿ ಮಾರ್ತಾಂಡಗ ಇದು ಪಕ್ಕಾ ಗೊತ್ತು. ಲಕೋಟಿ ಕೊಡಾಕ ಬಂದಿದ್ದಿಲ್ಲ ಅವ, ನಿನ್ನ ಬಾಯಿಂದ ಇದನ್ನ ಒಯ್ಯಾಕ ಬಂದಿದ್ದ.”

ವಕೀಲರು ಹೊರಗೆ ಯಾರಿಲ್ಲವೆಂದು ನೋಡಿ ದನಿ ಇಳಿಸಿದರು.

“ಸುಳ್ಳು ಹೇಳು ಅಂತ ನಾ ಯಾವ ಕಕ್ಷಿದಾರಗೂ ಹೇಳೂದಿಲ್ಲ. ಅಣ್ಣ-ತಮ್ಮ ಮೊದಲ ಬ್ಯಾರೆ ಆಗಿದ್ರು, ಅಂಗಡಿ ಅಣ್ಣ ಒಬ್ಬಂದು, ಅವ ಹೋದ ಮ್ಯಾಲ ಬಾಗಲಾ ಹಾಕೇದ. ಹಿಂಗಿದ್ರ ದಾವಾ ನಿಲ್ತದ. ಇಲ್ಲಂದ್ರ ಬೀಳ್ತದ. ಇಷ್ಟು ತಿಳಿಸೂದು ನನ್ನ ಕೆಲಸ.”

ಮರುದಿನ ಅಂಗಡಿಗೆ ಬೀಗ ಹಾಕಿದೆ. ನನ್ನ ಎರಡು ಧೋತರ, ಒಂದು ಕಂಬಳಿ, ಒಂದು ಗಂಟು ಖಣ ತೆಗೆದುಕೊಂಡು ವಾಡೆ ಬಿಟ್ಟೆ. ಅತ್ತಿಗೆ ಒಂದು ಬೋಗುಣಿ, ಒಂದು ತಾಟು ಕಟ್ಟಿಕೊಟ್ಟಳು. ಗಂಗಾಳ ಕೊಡಲಿಲ್ಲ, ನಾನೂ ಕೇಳಲಿಲ್ಲ. “ಕೇಸು ಮುಗಿಯೂತನಕ ಅಷ್ಟ,” ಎಂದಳು. ಅಕ್ಕು, “ಕಾಕಾ ಸಂತಿಗೆ ಹೊಂಟಾನೇನು?” ಎಂದು ಕೇಳಿದಳು. ಹೌದೆಂದೆ.

ನಾನಾ ಪೇಠೆಯಲ್ಲಿ ಟಾಂಗಾ ಗಾಲಿ ರಿಪೇರಿ ಮಾಡುವ ಶೆಡ್ಡಿನ ಮೇಲೆ ಒಂದು ಅಟ್ಟ ಸಿಕ್ಕಿತು. ಸೋಮವಾರ ಸಾಸವಡಕ್ಕೆ ನಾನು ಹೋಗಲಿಲ್ಲ. ಆ ರಸ್ತೆಗೆ ಕಾಲು ಏಳುತ್ತಿರಲಿಲ್ಲ. ಚಾಕಣದ ಸಂತೆ, ದೇಹೂವಿನ ಜಾತ್ರೆ, ಉಳಿದ ದಿನ ಓಣಿ ಓಣಿ. ಇಡೀ ದಿನ ಮರಾಠಿಯಲ್ಲಿ ಕೂಗಿ ಕೂಗಿ ಅಟ್ಟಕ್ಕೆ ಬಂದರೆ ಕನ್ನಡದಲ್ಲಿ ಒಂದು ಮಾತನಾಡಲು ಗೋಡೆ ಮಾತ್ರ ಇತ್ತು. ಕೆಲವೊಮ್ಮೆ ಮೂರು ಮೂರು ದಿನ ನನ್ನ ಮನೆಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಉಣ್ಣುವಾಗ ಇನ್ನೊಂದು ಫಜೀತಿ. ತಾಟಿನಲ್ಲಿ ನನ್ನ ಕಡೆಯ ಅರ್ಧ ಮುಗಿಸಿ ಕೈ ನಿಂತುಬಿಡುತ್ತಿತ್ತು. ಆಚೆಯ ಅರ್ಧ ಹಾಗೇ ಇರುತ್ತಿತ್ತು. ಅದೂ ನನ್ನದೇ ಎಂದು ಹೊಟ್ಟೆಗೆ ತಿಳಿಸಲು ಎಷ್ಟೋ ತಿಂಗಳು ಹಿಡಿಯಿತು.

ಮಾರ್ತಾಂಡನ ಜನ ವಾಡೆಯ ಮೇಲೆ ಕಣ್ಣಿಟ್ಟಿದ್ದಾರೆ, ಆ ಓಣಿಗೆ ಸುಳಿಯಬೇಡ ಎಂದು ವಕೀಲರ ಅಪ್ಪಣೆ. ಒಂದು ದಿನ ಬೋಹರಿ ಆಳಿ ಎಂಬ ಓಣಿಯ ತಿರುವಿನಲ್ಲಿ ಅತ್ತಿಗೆಯ ಕೈ ಹಿಡಿದುಕೊಂಡು ಅಕ್ಕು ಎದುರಿಗೇ ಬಂದಳು. “ಕಾಕಾ!” ಎಂದು ಕೂಗಿದಳು. ಕೈ ಬಿಡಿಸಿಕೊಂಡು ಓಡಿ ಬರುತ್ತಿದ್ದವಳನ್ನು ಅತ್ತಿಗೆ ಹಿಡಿದೆಳೆದಳು. ನಾನು ಗಂಟನ್ನು ಆ ಕಡೆಯ ಹೆಗಲಿಗೆ ಹಾಕಿ ಮುಖ ಮರೆಮಾಡಿಕೊಂಡು ದಾಟಿಹೋದೆ. ಹಿಂದಿನಿಂದ, “ಅವ ಕಾಕಾ ಅಲ್ಲೇನವ್ವಾ?” ಎಂದು ಕೇಳುತ್ತಿದ್ದದ್ದು ಕೇಳಿಸಿತು. ಅತ್ತಿಗೆ ಏನು ಹೇಳಿದಳೋ ಕೇಳಿಸಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಸಾಕ್ಷಿ ನಡೆಯಿತು. ಅಪ್ಪಾಸಾಹೇಬ ಮುಂದಿನ ಬೆಂಚಿನಲ್ಲಿ ಜರಿ ಪಗಡಿ ಕಟ್ಟಿಕೊಂಡು ಕೂತಿದ್ದ. ಸಣ್ಣ ಮನುಷ್ಯ, ನೆಗಡಿಯಾಗಿತ್ತು, ಮತ್ತೆ ಮತ್ತೆ ಮೂಗು ಒರೆಸಿಕೊಳ್ಳುತ್ತಿದ್ದ. ಇಷ್ಟು ದಿನ ನಾನು ಮನಸ್ಸಿನಲ್ಲಿ ಕತ್ತು ಹಿಸುಕಿದ ಮನುಷ್ಯ ಇವನಿಗಿಂತ ಎರಡು ಪಟ್ಟು ದೊಡ್ಡವನಿದ್ದ.

ರಂಗೂಬಾಯಿ ನಾನಂದದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದಳು. ಹೇಳುತ್ತ ಮತ್ತೆ ಅತ್ತಳು. ಗಲಗಲಿ ವಕೀಲರು ಎದ್ದು, “ಆ ಬಿಡಾರದಲ್ಲಿ ಒಲೆ ಎಷ್ಟು?” ಎಂದು ಕೇಳಿದರು.

“ಎರಡು,” ಎಂದಳು.

“ಸಾಕು, ಕೂಡ್ರಿ.”

“ಅಹೋ, ಎರಡನೆಯದು ಸ್ನಾನದ ನೀರಿಗೆ…” ಎನ್ನುವಷ್ಟರಲ್ಲಿ ಜವಾನ ಅವಳನ್ನು ಇಳಿಸಿದ್ದ.

ಆಮೇಲೆ ನನ್ನನ್ನು ಕರೆದರು. ಎದುರಾಳಿಯ ವಕೀಲ ಮರಾಠಿಯಲ್ಲಿ ಕೇಳಿದ, ನಾನು ಮರಾಠಿಯಲ್ಲಿ ಹೇಳಿದೆ. ಅಣ್ಣ ನಿನಗೆ ತಿಂಗಳಿಗೆ ಏನು ಕೊಡುತ್ತಿದ್ದ? ಏನೂ ಇಲ್ಲ. ಕಾಯಿಲೆ ಬಿದ್ದಾಗ ನೋಡಿದನೇ? ಇಲ್ಲ. ಹಬ್ಬಕ್ಕೆ ಬಟ್ಟೆ ಹೊಲಿಸಿದನೇ? ಇಲ್ಲ. ಹಾಗೆ ಹೇಳುವಾಗ ನಾನು ಹಾಕಿಕೊಂಡಿದ್ದದ್ದು ಕೊನೆಯ ದೀಪಾವಳಿಗೆ ಅಣ್ಣ ಹೊಲಿಸಿದ ಅಂಗಿ. ಒಟ್ಟಿಗೆ ಕೂತು ಉಂಡದ್ದುಂಟೇ? ಇಲ್ಲ. ಮುನೀಮನ ಮುಂದೆ ಹಾಗೇಕೆ ಅಂದೆ? ನನಗೆ ಸಿಟ್ಟು ಬಂದರೆ ಏನಾದರೂ ಅಂದುಬಿಡುತ್ತೇನೆ, ಅದಕ್ಕೇ ಅಣ್ಣ ನನ್ನನ್ನು ಬೇರೆ ಹಾಕಿದ್ದು. ಅಣ್ಣನ ಮೇಲೆ ನಿನಗೆ ಪ್ರೀತಿ ಇರಲಿಲ್ಲವೇ?

“ಬೇರೆ ಇದ್ದವರಿಗೆ ಎಲ್ಲಿಯ ಪ್ರೀತಿ,” ಎಂದೆ.

ಕಟಕಟೆಯ ಕಟ್ಟಿಗೆಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಸಿಬಿರು ಉಗುರಿನೊಳಗೆ ಹೋಗಿತ್ತು. ಆದರೂ ಒಂದು ಧೈರ್ಯವಿತ್ತು. ಇವೆಲ್ಲ ಮರಾಠಿಯಲ್ಲಿ ಆಡಿದ ಮಾತು. ಗಿರಾಕಿಗೆ ದರ ಹೇಳುವಂತೆ ಹೇಳಿದ್ದು. ಬೀದಿಯ ಮಾತು ಬೀದಿಯಲ್ಲೇ ಉಳಿಯುತ್ತದೆ, ಮನೆಯೊಳಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ.

ಅತ್ತಿಗೆಗೆ ಮರಾಠಿ ಅಷ್ಟಾಗಿ ಬಾರದು. ಅವಳಿಗೆ ಕನ್ನಡ ಬಲ್ಲ ಕಾರಕೂನನನ್ನು ನಿಲ್ಲಿಸಿದರು. ತಲೆತುಂಬ ಸೆರಗು ಹೊದ್ದು, ನೆಲ ನೋಡುತ್ತ ನಿಂತಿದ್ದಳು. ಮೈದುನ ಬೇರೆ ಯಾಕಾದ ಎಂದು ಕೇಳಿದರು. ಜಗಳಾತು ಅಂತ ಹೇಳಿದರೆ ಸಾಕು ಎಂದು ಗಲಗಲಿಯವರು ಅವಳಿಗೆ ತಿಳಿಸಿದ್ದರು.

“ಅವನ ಸಿಟ್ಟು ಭಾಳ ರೀ,” ಎಂದಳು ಅತ್ತಿಗೆ. ಅಷ್ಟಕ್ಕೇ ನಿಲ್ಲಿಸದೆ ಮುಂದುವರಿಸಿದಳು. “ನಮ್ಮವರು ಅಂತಿದ್ರು, ‘ಇಂವ ಒದರಿ ಬರ್ತಾನ, ನಾ ಹಿಂದಿಂದ ಹೋಗಿ ಮಂದಿ ಕಾಲು ಹಿಡೀತೀನಿ. ಹದಿನೆಂಟು ವರ್ಷ ಆತು ಗಂಗಾ, ನನ್ನ ಡುಬ್ಬ ಬಗ್ಗಿದ್ದು ಗಂಟಿನ ಭಾರಕ್ಕಲ್ಲ,’ ಅಂತ.”

ಕಾರಕೂನ ಅದನ್ನು ಜಜ್ಜರಿಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ. ಕೋಪಿಷ್ಠನಾದ್ದರಿಂದ ಬೇರೆ ಇಟ್ಟಿದ್ದ ಎಂದಷ್ಟೇ. ಆದರೆ ನಾನು ಕಾರಕೂನನನ್ನು ಕೇಳಲಿಲ್ಲ. ಡುಬ್ಬ ಬಗ್ಗಿದ್ದು ಗಂಟಿನ ಭಾರಕ್ಕಲ್ಲ. ಗಂಗಾ ಎಂದು ಅವಳನ್ನು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ.

ತೀರ್ಪು ನಮ್ಮ ಪರವಾಯಿತು. ಮೂರು ಸಾವಿರದ ಇನ್ನೂರು ರೂಪಾಯಿ, ಮೇಲೆ ಖರ್ಚು. ಗಲಗಲಿ ವಕೀಲರು ಕೋರ್ಟಿನ ವರಾಂಡದಲ್ಲಿ ಇಂಗ್ಲೀಷಿನ ಕಾಗದ ಹಿಡಿದು ನನಗೆ ಅರ್ಥ ಹೇಳಿದರು. ಪ್ರತಿವಾದಿ ಮದ್ಯಪಾನದ ಅಮಲಿನಲ್ಲಿ ವಾಹನ ನಡೆಸಿ ಸಾವಿಗೆ ಕಾರಣನಾದ. ಅದು ಒಂದೇ ಸಾಲು. ನಾನು ಕೇಳಿಕೊಂಡಿದ್ದದ್ದು ಅದನ್ನೇ, ಸಿಕ್ಕಿತು. ಅದರ ಕೆಳಗೆ ನನ್ನ ಬಗ್ಗೆ ಏಳು ಸಾಲು ಇತ್ತು. ಮೃತನ ತಮ್ಮ ಬಹುಕಾಲದಿಂದ ಬೇರೆ ಇದ್ದು, ಇವರಲ್ಲಿ ಮಮತೆಯ ಸಂಬಂಧವೇನೂ ಉಳಿದಿರಲಿಲ್ಲ.

“ನಿನ್ನ ಸಾಕ್ಷಿ ನಂಬಿಗಿಗೆ ಅರ್ಹ ಅಂತ ಬರದಾರ ನೋಡು!” ಎಂದು ವಕೀಲರು ನನ್ನ ಭುಜ ತಟ್ಟಿದರು. “ಇನ್ನ ಮೂವತ್ತು ದಿನ ಅಪೀಲಿನ ಮುದ್ದತು. ಅಲ್ಲೀತನಕ ವಾಡೆಕ್ಕ ಹೋಗಬ್ಯಾಡ. ಆಮ್ಯಾಲೆ ನಿನ್ನ ಮನಿ, ನಿನ್ನ ಒಲಿ, ಯಾರೂ ಕೇಳೂದಿಲ್ಲ.”

ನಾನು ಅಲ್ಲಿಂದ ನೇರವಾಗಿ ವಾಡೆಗೆ ಹೋದೆ.

ಅಂಗಳದಲ್ಲಿ ರಂಗೂಬಾಯಿ ಅಕ್ಕಿ ಆರಿಸುತ್ತಿದ್ದಳು. “ಆಲಾ ಕಾ, ಬಂದೆಯಾ, ಬೇರೆ ಇದ್ದವನು!” ಎಂದಳು. “ನಾಲಗೆಗೆ ಮೂಳೆ ಇಲ್ಲ ನೋಡು ನಿನಗೆ. ನನ್ನನ್ನೂ ಕೋರ್ಟಿನಲ್ಲಿ ಸುಳ್ಳಿ ಮಾಡಿದಿ.” ನಾನು ಮೆಟ್ಟಿಲು ಹತ್ತಿದೆ.

ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿ ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಅಕ್ಕು ಎದ್ದು ಬರಲಿಲ್ಲ. ಕೂತಲ್ಲಿಂದಲೇ ನೋಡಿದಳು.

“ವೈನಿ, ಅಣ್ಣ ಹಂಗ ಅಂದಿದ್ದು ಖರೇನ?”

“ವಕೀಲರು ಹೇಳಿಕೊಟ್ಟಿದ್ದು.”

“ವಕೀಲರಿಗೆ ಅಣ್ಣನ ಮಾತು ಬರೂದಿಲ್ಲ.”

ಅವಳು ಹಿಟ್ಟಿನ ಕೈಯನ್ನು ನಾದುವ ಕೊಣಮಿಗೆಯ ಅಂಚಿಗೆ ಒರೆಸಿದಳು. ಬಹಳ ಹೊತ್ತು ಒರೆಸಿದಳು.

“ಅಂದಿದ್ರು.”

“ಯಾವಾಗ?”

“ನೀ ಜಕಾತಿ ನಾಕಾದ ಕಾರಕೂನನ ಕೊರಳಪಟ್ಟಿ ಹಿಡದಿದ್ದಿಯಲ್ಲ, ಅವತ್ತ ಸಂಜಿಗೆ. ‘ಅಂಗಡಿ ಅವಗ ಕೊಡ್ತೀನಿ, ಗಂಟು ನಾ ಹಿಡೀತೀನಿ, ಯುಗಾದಿಗೆ ಬ್ಯಾರೆ ಆಗೂಣು,’ ಅಂದ್ರು. ನಾನ ಬ್ಯಾಡಂದೆ. ಅಂವ ಎಲ್ಲಿ ಉಣ್ಣಬೇಕು ಅಂದೆ.”

“ನನಗ ಯಾಕ ಹೇಳಲಿಲ್ಲ? ಮಾರಿಗೆ ಹೇಳಬೇಕಿತ್ತು! ಹದಿನೆಂಟು ವರ್ಷ ಒಂದ ಗಂಗಾಳದಾಗ ಉಂಡು…”

ನನ್ನ ದನಿ ಏರಿದ್ದು ನನಗೆ ತಿಳಿಯಲಿಲ್ಲ. ಅಕ್ಕು ಸರಿದು ಅವ್ವನ ಬೆನ್ನ ಹಿಂದೆ ಹೋದದ್ದು ಕಂಡಿತು.

“ಅವರಿಗೆ ನಿನ್ನ ಅಂಜಿಕಿ ಇತ್ತು ಮಲಕಪ್ಪ,” ಎಂದಳು ಅತ್ತಿಗೆ. ಬೈಗುಳದಂತಲ್ಲ, ಹಿಟ್ಟು ಮುಗಿದಿದೆ ಎನ್ನುವಂತೆ ಹೇಳಿದಳು. “ನನಗೂ ಅದ.”

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತಿರುವಿ ಹಾಕಿದಳು. ಆಮೇಲೆ, “ಕೂಡ್ರು, ಬಿಸಿ ರೊಟ್ಟಿ ಅದ, ಉಂಡು ಹೋಗು,” ಎಂದಳು. ಉಂಡು ಹೋಗು ಎಂದಳು.

“ಮುದ್ದತು ಮುಗೀಲಿ,” ಎಂದೆ. ಮೆಟ್ಟಿಲು ಇಳಿದೆ.

ಅಪ್ಪಾಸಾಹೇಬ ಅಪೀಲು ಹಾಕಲಿಲ್ಲ. ಇಪ್ಪತ್ತೆರಡನೆಯ ದಿನವೇ ಹಣ ಕಟ್ಟಿದ. ಅತ್ತಿಗೆ ಅಂಗಡಿಯ ಬೀಗ ತೆಗೆಸಿ ತಾನೇ ಕೂತಳು. ಗಿರಾಕಿ ಬರುತ್ತಿದ್ದಾರೆಂದು ಕೇಳಿದ್ದೇನೆ. ಎರಡು ಸಲ ಅಕ್ಕುವಿನ ಕೈಯಲ್ಲಿ ಕರೆ ಕಳಿಸಿದಳು. ಮಗು ಶೆಡ್ಡಿನ ಬಾಗಿಲಲ್ಲಿ ನಿಂತು, ಪಾಠ ಒಪ್ಪಿಸುವಂತೆ, “ಅವ್ವ ಬಾ ಅಂದಾಳ,” ಎಂದು ಹೇಳಿ ಓಡಿಹೋಯಿತು. ನನಗೆ ಹೋಗಲು ಆಗಲಿಲ್ಲ. ಬೇರೆ ಇದ್ದೆವೆಂಬುದು ಕೋರ್ಟಿಗಾಗಿ ಕಟ್ಟಿದ ಸುಳ್ಳು ಎಂಬ ಒಂದು ಆಧಾರದ ಮೇಲೆ ನಾನು ಆ ಅಟ್ಟದಲ್ಲಿ ಅಷ್ಟು ದಿನ ಮಲಗಿದ್ದೆ. ಆ ಆಧಾರ ಹೋಗಿತ್ತು. ಅಣ್ಣನ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನ ಮೇಲೆ ಸಿಟ್ಟಾದರೆ ಎಲ್ಲಿ ಹೋಗಿ ಒದರಬೇಕು?

ಮುಂದಿನ ಶನಿವಾರ ಚಾಕಣದ ಸಂತೆಯಲ್ಲಿ ಗಂಟು ಬಿಚ್ಚಿ ಕೂತಿದ್ದೆ. ನಡುವಯಸ್ಸಿನ ಒಬ್ಬ ಒಕ್ಕಲಗಿತ್ತಿ ಹತ್ತು ಖಣ ತೆಗೆಸಿ, ಹತ್ತನ್ನೂ ಬಿಸಿಲಿಗೆ ಹಿಡಿದು, “ಬಣ್ಣ ಕೂತಿಲ್ಲ, ಕಳ್ಳ ಮಾಲು,” ಎಂದಳು. ನಾನು ಎದ್ದು ನಿಂತು ಬಾಯಿಗೆ ಬಂದಂತೆ ಒದರಿದೆ. ಅಕ್ಕಪಕ್ಕದ ಈರುಳ್ಳಿಯವರು ತಿರುಗಿ ನೋಡಿದರು. ಆ ಹೆಂಗಸು ಖಣಗಳನ್ನು ಗಂಟಿನ ಮೇಲೆ ಎಸೆದು ಹೊರಟಳು. ನಾನು ನಿಂತೇ ಇದ್ದೆ. ಯಾರಿಗಾಗಿ ಕಾಯುತ್ತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ದನದ ಸಂತೆಯ ಕಡೆಗೆ ನಡೆದು, ಗುಂಪಿನಲ್ಲಿ ಸೇರಿ, ಕಾಣದಾದಳು. ಅವಳ ಹಿಂದೆ ಓಡಿಹೋಗಿ, ಕೈ ಮುಗಿದು, ನಕ್ಕು, ಮಾತನಾಡಿಸಿ ಕರೆದುಕೊಂಡು ಬರುವವರು ಯಾರೂ ಇರಲಿಲ್ಲ.